ಪಾಚಿಯನ್ನು ಎಕ್ಸ್‌ಪೆಲ್ಲರ್‌ಗೆ ಹಾಕಿದರೆ ಎಣ್ಣೆ ಬರುತ್ತದಾ?

ಪ್ರಶ್ನೆ: ಚಳ್ಳಕೆರೆ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಶೇಂಗಾ ಎಣ್ಣೆ ತೆಗೆಯುವ ಸಣ್ಣ ಎಕ್ಸ್‌ಪೆಲ್ಲರ್ ಇದೆ. ಹೊಲದ ಕೃಷಿ ಹೊಂಡದ ನೀರು ಬೇಸಿಗೆಗೆ ಹಸಿರುಗಟ್ಟುತ್ತದೆ. ಪಾಚಿಯಲ್ಲಿ ಅರ್ಧಕ್ಕರ್ಧ ಎಣ್ಣೆ ಇರುತ್ತದೆ, ಅದರಿಂದ ಬಯೋಡೀಸೆಲ್ ಮಾಡಬಹುದು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಅರ್ಧ ಎಕರೆಯಲ್ಲಿ ಹೊಂಡ ಮಾಡಿ ಪಾಚಿ ಬೆಳೆದು, ಒಣಗಿಸಿ, ನಮ್ಮ ಎಕ್ಸ್‌ಪೆಲ್ಲರ್‌ನಲ್ಲೇ ಎಣ್ಣೆ ತೆಗೆದು ಡೀಸೆಲ್ ಪಂಪ್‌ಸೆಟ್ ಓಡಿಸಬಹುದಾ ಸರ್?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹೊಂಡದಿಂದ ಒಂದು ಬಿಂದಿಗೆ ಹಸಿರು ನೀರು ತನ್ನಿ. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿ. ಬಟ್ಟೆ ಮೇಲೆ ಒಂದಿಷ್ಟು ಲೋಳೆ, ಕಸ, ಹುಳ ನಿಲ್ಲುತ್ತದೆ. ಕೆಳಗಿನ ಪಾತ್ರೆಗೆ ಇಳಿದ ನೀರು ಹೆಚ್ಚುಕಡಿಮೆ ಮೊದಲಿನಷ್ಟೇ ಹಸಿರಾಗಿರುತ್ತದೆ. ನಿಮಗೆ ಬೇಕಾದ ಪಾಚಿ ಬಟ್ಟೆಯಲ್ಲಿ ನಿಲ್ಲಲೇ ಇಲ್ಲ!

ನೀವು ಕೇಳಿರುವುದು ಎಣ್ಣೆ ತೆಗೆಯುವ ಬಗ್ಗೆ. ನಾನು ಮಾತ್ರ ಜಾಸ್ತಿ ಹೊತ್ತು ನೀರಿನ ಬಗ್ಗೆಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಾಚಿ ವಿಷಯದಲ್ಲಿ ದುಡ್ಡೆಲ್ಲ ಕರಗುವುದು ಅಲ್ಲೇ. ಎಕ್ಸ್‌ಪೆಲ್ಲರ್ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ, ಆಗುವುದಿಲ್ಲ. ಪಾಚಿಯಿಂದ ಎಣ್ಣೆ ಬರುತ್ತದೆ, ಅದರಿಂದ ಬಯೋಡೀಸೆಲ್ಲೂ ಆಗುತ್ತದೆ. ಆದರೆ ಒಂದು ಲೀಟರ್ ಮಾಡುವುದಕ್ಕೆ ಒಂದು ಲೀಟರಿಗಿಂತ ಜಾಸ್ತಿ ಖರ್ಚಾಗಬಾರದು, ಅಲ್ವಾ? ಎಲ್ಲರೂ ಸಿಕ್ಕಿಹಾಕಿಕೊಂಡಿರುವುದು ಆ ಲೆಕ್ಕದಲ್ಲಿ.

ಎಣ್ಣೆಗೆ ಹೆಸರಾದ ಕ್ಲೋರೆಲ್ಲಾ, ನ್ಯಾನೊಕ್ಲೊರಾಪ್ಸಿಸ್ ಜಾತಿಯ ಸೂಕ್ಷ್ಮ ಪಾಚಿಗಳ ಗಾತ್ರ ಸುಮಾರು 2ರಿಂದ 10 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಒಂದು ಕೂದಲಿನ ಅಗಲದಲ್ಲಿ ಹತ್ತಾರು ಪಾಚಿ ಸಾಲಾಗಿ ಕೂರುತ್ತವೆ. ಇವುಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ, ತಳಕ್ಕೆ ಕೂರುವುದಿಲ್ಲ, ಸುಮ್ನೆ ತೇಲಾಡಿಕೊಂಡಿರುತ್ತವೆ.

ಎಷ್ಟು ದಟ್ಟವಾಗಿರುತ್ತವೆ? ತೆರೆದ ಹೊಂಡದಲ್ಲಿ ಕಡು ಹಸಿರು ಕಾಣುವಷ್ಟು ಬೆಳೆಸಿದರೂ ಲೀಟರಿಗೆ ಸುಮಾರು ಅರ್ಧ ಗ್ರಾಂ ಒಣ ಪಾಚಿ. ಒಂದು ಕಿಲೋ ಒಣ ಪುಡಿ ಬೇಕಾದರೆ 2,000 ಲೀಟರ್ ನೀರು ಸೋಸಬೇಕು. ಅದರಲ್ಲಿ ನೂರಕ್ಕೆ 20 ಭಾಗ ಎಣ್ಣೆ ಸಿಕ್ಕಿತು ಅಂದುಕೊಳ್ಳಿ. ಒಂದು ಲೀಟರ್ ಎಣ್ಣೆಗೆ ಸುಮಾರು 4.6 ಕಿಲೋ ಒಣ ಪಾಚಿ, ಅಂದರೆ 9,000 ಲೀಟರಿಗೂ ಜಾಸ್ತಿ ನೀರು. ಹತ್ತಿರ ಹತ್ತಿರ ಎರಡು ಟ್ಯಾಂಕರ್ ನೀರನ್ನು ಜಾಲಾಡಿ ಒಂದು ಲೀಟರ್ ಎಣ್ಣೆ.

ನಿಮ್ಮ ಅರ್ಧ ಎಕರೆಗೇ ಲೆಕ್ಕ ಹಾಕೋಣ. ಸುಮಾರು 2,000 ಚದರ ಮೀಟರ್. ಚೆನ್ನಾಗಿ ನೋಡಿಕೊಂಡರೆ ಚದರ ಮೀಟರಿಗೆ ದಿನಕ್ಕೆ 12 ಗ್ರಾಂ ಬೆಳೆಯುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 24 ಕಿಲೋ, ಅದರಿಂದ ಎಣ್ಣೆ ಸುಮಾರು 5 ಲೀಟರ್. ಸಣ್ಣ ಪಂಪ್‌ಸೆಟ್‌ಗೆ ನಾಲ್ಕೈದು ಗಂಟೆಯ ಇಂಧನ. ಕೇಳುವುದಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಈಗ ಇನ್ನೊಂದು ಕಡೆ ನೋಡಿ. ಆ 24 ಕಿಲೋಗೆ ದಿನಾ 48,000 ಲೀಟರ್ ನೀರು ಸೋಸಬೇಕು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 10,000 ಲೀಟರ್ ಆಕಾಶಕ್ಕೆ ಹೋಯಿತು. ಅದನ್ನು ಮತ್ತೆ ತುಂಬಬೇಕು, ಅದೂ ಚಳ್ಳಕೆರೆಯಲ್ಲಿ! ನಿಮ್ಮ ಬೋರ್‌ವೆಲ್ ಏನನ್ನುತ್ತದೋ ನಿಮಗೇ ಗೊತ್ತು.

ಗೊಬ್ಬರವೂ ಬೇಕು. ಪಾಚಿಯ ಒಣ ತೂಕದಲ್ಲಿ ಸುಮಾರು ನೂರಕ್ಕೆ 7 ಭಾಗ ಸಾರಜನಕ. ಯೂರಿಯಾದಲ್ಲಿ ಇರುವುದು 46 ಭಾಗ. ಒಂದು ಲೀಟರ್ ಎಣ್ಣೆಯ ಪಾಚಿ ಬೆಳೆಯಲು ಸುಮಾರು 700 ಗ್ರಾಂ ಯೂರಿಯಾ ಆಗುತ್ತದೆ. ಜೊತೆಗೆ ಒಂದು ಕಿಲೋ ಪಾಚಿಗೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್. ಗಾಳಿಯಿಂದ ತಾನಾಗಿ ನೀರಿಗೆ ಇಳಿಯುವುದು ಇಷ್ಟು ಬೆಳೆಗೆ ಸಾಲದು, ನಾವೇ ಊದಬೇಕು.

ಇನ್ನು ಸೋಸುವುದು. ಬಟ್ಟೆ ಆಗಲಿಲ್ಲ, ಬೇರೆ ಏನಿದೆ? ಕೆಸರು ನೀರು ತಿಳಿಯಾಗಲು ಆಲಂ ಹಾಕುವ ಹಾಗೆ ಇಲ್ಲೂ ಹಾಕಬಹುದು, ಪಾಚಿ ಹೆಪ್ಪುಗಟ್ಟಿ ಕೂರುತ್ತದೆ. ನುಗ್ಗೆ ಬೀಜದ ಪುಡಿಯೂ ಕೆಲಸ ಮಾಡುತ್ತದೆ. ಸುಣ್ಣ ಹಾಕಿ ನೀರಿನ ಕ್ಷಾರ ಹೆಚ್ಚಿಸಿದರೂ ಕೂರುತ್ತದೆ. ಆದರೆ ಹಾಕಿದ್ದೆಲ್ಲ ಪಾಚಿಯ ಜೊತೆಗೇ ಬರುತ್ತದೆ. ಹಾಗೆ ಕೂತದ್ದು ಗಂಜಿಯಷ್ಟು ತೆಳ್ಳಗಿರುತ್ತದೆ. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ, ಅಂದರೆ ರಭಸವಾಗಿ ಸುತ್ತಿಸಿ ನೀರು ಬೇರ್ಪಡಿಸುವ ಯಂತ್ರದಲ್ಲಿ ತಿರುಗಿಸಿದರೆ ದೋಸೆ ಹಿಟ್ಟಿಗಿಂತ ಗಟ್ಟಿಯಾದ ಹಸಿರು ಮುದ್ದೆ ಸಿಗುತ್ತದೆ. ಇಷ್ಟಾದರೂ ಆ ಮುದ್ದೆಯಲ್ಲಿ ನೂರಕ್ಕೆ 80 ಭಾಗ ನೀರೇ.

ಈ 80 ಭಾಗವನ್ನು ಒಲೆ ಹಚ್ಚಿ ಒಣಗಿಸಲು ಹೋದರೆ ಏನಾಗುತ್ತದೆ ನೋಡಿ. ಒಂದು ಲೀಟರ್ ಎಣ್ಣೆಗೆ ಬೇಕಾದ ಮುದ್ದೆಯಲ್ಲಿ ಸುಮಾರು 18 ಕಿಲೋ ನೀರಿದೆ. ಅಷ್ಟನ್ನು ಆವಿ ಮಾಡಲು ಸುಮಾರು 48 ಮೆಗಾಜೂಲ್ ಶಾಖ ಬೇಕು. ಒಂದು ಲೀಟರ್ ಬಯೋಡೀಸೆಲ್ ಉರಿಸಿದರೆ ಸಿಗುವುದು ಸುಮಾರು 33. ಒಂದು ಲೀಟರ್ ಪಡೆಯಲು ಒಂದೂವರೆ ಲೀಟರ್ ಸುಟ್ಟ ಹಾಗೆ. ಬೆಳೆಸಿದ, ಪಂಪ್ ಮಾಡಿದ, ಸೆಂಟ್ರಿಫ್ಯೂಜ್ ತಿರುಗಿಸಿದ ಖರ್ಚು ಇದರಲ್ಲಿ ಸೇರಿಲ್ಲ.

ಬಿಸಿಲಿದೆಯಲ್ಲ ಸರ್ ಅನ್ನುತ್ತೀರಿ. ನಿಜ, ನಿಮ್ಮ ಊರಿನ ಬಿಸಿಲು ಪುಕ್ಕಟೆ, ಅದು ನಿಮಗಿರುವ ಒಂದು ಅನುಕೂಲ. ಸ್ಪಿರುಲಿನಾ ಬೆಳೆಯುವವರು ಮುದ್ದೆಯನ್ನು ಶಾವಿಗೆ ಒತ್ತಿದ ಹಾಗೆ ಎಳೆ ಎಳೆಯಾಗಿ ಒತ್ತಿ ಬಿಸಿಲಲ್ಲಿ, ಇಲ್ಲವೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅಂದಹಾಗೆ ಸ್ಪಿರುಲಿನಾ ಬಟ್ಟೆಯಲ್ಲಿ ನಿಲ್ಲುತ್ತದೆ. ಅದು ಸುರುಳಿ ಸುರುಳಿಯಾದ ಉದ್ದನೆಯ ಎಳೆ. ನಮ್ಮ ರೈತರು ಅದನ್ನು ಬೆಳೆಯಲು ಸಾಧ್ಯವಾಗಿರುವುದಕ್ಕೆ ಒಂದು ದೊಡ್ಡ ಕಾರಣವೇ ಇದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಅದರ ಮೇಲೆ ದಶಕಗಳ ಕೆಲಸ ನಡೆದಿದೆ. ಆದರೆ ಸ್ಪಿರುಲಿನಾದಲ್ಲಿ ಇರುವುದು ಪ್ರೋಟೀನು, ಕೊಬ್ಬು ತೀರಾ ಕಡಿಮೆ. ಸುಲಭವಾಗಿ ಸೋಸಬಹುದಾದದ್ದರಲ್ಲಿ ಎಣ್ಣೆ ಇಲ್ಲ, ಎಣ್ಣೆ ಇರುವುದನ್ನು ಸೋಸಲಾಗುವುದಿಲ್ಲ. ದೇವರು ಹಲ್ಲಿದ್ದವನಿಗೆ ಕಡಲೆ ಕೊಡಲಿಲ್ಲ ಅಂತಾರಲ್ಲ, ಹಾಗೆ.

ಎಣ್ಣೆ ಪಾಚಿಯನ್ನು ಬಿಸಿಲಲ್ಲಿ ನಿಧಾನವಾಗಿ ಒಣಗಿಸಿದರೆ ಇನ್ನೊಂದು ತೊಂದರೆಯಿದೆ. ಅದನ್ನು ನಾನು ಕೈಯಾರೆ ಕೆಡಿಸಿಕೊಂಡು ಕಲಿತೆ.

ಲ್ಯಾಬ್‌ಗೆ ಸೇರಿದ ಮೊದಲ ವರ್ಷ. ಪಾಚಿ ಪುಡಿಯನ್ನು ಸಾಕ್ಸ್‌ಲೆಟ್ ಉಪಕರಣಕ್ಕೆ ಹಾಕಿದ್ದೆ. ದಪ್ಪ ಕಾಗದದ ಬೆರಳುಚೀಲದಂಥ ಲೋಟದಲ್ಲಿ ಪುಡಿ. ಕೆಳಗೆ ಫ್ಲಾಸ್ಕ್‌ನಲ್ಲಿ ಎಣ್ಣೆ ಕರಗಿಸುವ ಹೆಕ್ಸೇನ್ ಅನ್ನುವ ದ್ರವ 69 ಡಿಗ್ರಿಗೆ ಕುದಿಯುತ್ತಿರುತ್ತದೆ. ಆವಿ ಮೇಲೇರಿ ತಣ್ಣಗಾಗಿ ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ಲೋಟ ತುಂಬಿದಾಗ ಗುಳುಕ್ ಅಂತ ಕೆಳಗಿಳಿಯುತ್ತದೆ, ಮತ್ತೆ ಅದೇ ಸುತ್ತು. ಬೆಳಗ್ಗೆ ಕಡು ಹಸಿರಾಗಿದ್ದ ಹನಿ ಸಂಜೆ ಹೊತ್ತಿಗೆ ನೀರಿನಂತಾಯಿತು. ಹೆಕ್ಸೇನ್ ಆರಿಸಿದ ಮೇಲೆ ತಳದಲ್ಲಿ ಕಾಡಿಗೆಯಂಥ ಅಂಟು ಉಳಿಯಿತು. ತೂಗಿದರೆ 22 ಭಾಗ! ಅವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗೂ ನಾನೇ ಕಾಫಿ ಕೊಡಿಸಿದೆ.

ಮುಂದಿನ ಸಲ ಸೆಂಟ್ರಿಫ್ಯೂಜ್ ಮುಗಿಯುವಾಗ ರಾತ್ರಿಯಾಗಿತ್ತು. ಮುದ್ದೆಯನ್ನು ಫ್ರೀಜರ್‌ಗೆ ಹಾಕದೆ ಮೇಜಿನ ಮೇಲೇ ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಸ್ವಲ್ಪ ಕಮಟು ವಾಸನೆ ಇತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ಎಣ್ಣೆ ತೆಗೆದು ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದರೆ ಎರಡು ಪದರ ಆಗಬೇಕಿತ್ತು, ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್. ನನ್ನ ಫ್ಲಾಸ್ಕ್‌ನಲ್ಲಿ ಹಸಿರು ಲೊಳಲೊಳ. ನಮ್ಮ ಮೇಷ್ಟ್ರು ಅಲ್ಲಾಡಿಸಿ ನೋಡಿ, "ಒಳ್ಳೇ ಸೋಪು ಮಾಡಿದೀಯ, ಬಟ್ಟೆ ಒಗಿ" ಅಂದರು. ಆದದ್ದಿಷ್ಟು: ಪಾಚಿಯ ಜೀವಕೋಶದೊಳಗೇ ಲೈಪೇಸ್ ಅನ್ನುವ ಕಿಣ್ವ ಇದೆ. ಹಸಿಯಾಗಿ ಬೆಚ್ಚಗೆ ಬಿಟ್ಟರೆ ಅದು ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಮಾಡಿಬಿಡುತ್ತದೆ. ಕೊಬ್ಬಿನಾಮ್ಲಕ್ಕೆ ಕಾಸ್ಟಿಕ್ ಸೇರಿದರೆ ಸೋಪು. ಒಂದೇ ರಾತ್ರಿಗೆ ಹಾಗಾಯಿತು, ಇನ್ನು ಮೋಡ ಮುಚ್ಚಿದ ದಿನ ಅಂಗಳದಲ್ಲಿ ಹರಡಿದ ಮುದ್ದೆಯ ಗತಿ ಯೋಚನೆ ಮಾಡಿ.

ಈಗ ನಿಮ್ಮ ಎಕ್ಸ್‌ಪೆಲ್ಲರ್‌ಗೆ ಬರೋಣ. ಶೇಂಗಾದಲ್ಲಿ 45ರಿಂದ 50 ಭಾಗ ಎಣ್ಣೆ. ಕಾಳಿನ ಜೀವಕೋಶ ಪಾಚಿಗಿಂತ ಎಷ್ಟೋ ದೊಡ್ಡದು, ಗೋಡೆ ತೆಳು. ಬಿಸಿ ಮಾಡಿ ಹಿಂಡಿದರೆ ಒಡೆಯುತ್ತದೆ. ಕಾಳಿನ ನಾರಿಗೆ ಸ್ಕ್ರೂ ಕಚ್ಚಿಕೊಂಡು ಒತ್ತಡ ಏರುತ್ತದೆ. ಹಿಡಿತ ಸಾಲದೆ ಹೋದರೆ ನೀವೇ ಒಂದಿಷ್ಟು ಸಿಪ್ಪೆ ಸೇರಿಸುತ್ತೀರಿ, ಅಲ್ವಾ? ಪಾಚಿ ಪುಡಿಯಲ್ಲಿ ಅಂಥ ನಾರಿಲ್ಲ. ಟಾಲ್ಕಂ ಪೌಡರಿನಷ್ಟು ನಯ. ಒಣಗಿದ್ದನ್ನು ಹಾಕಿದರೆ ಸ್ಕ್ರೂ ಜೊತೆಗೇ ಸುತ್ತುತ್ತದೆ, ಇಲ್ಲವೇ ಇಟ್ಟಿಗೆಯಂತೆ ಗಟ್ಟಿಯಾಗಿ ಕೂರುತ್ತದೆ. ಹಸಿ ಇದ್ದರೆ ಬಾರ್‌ಗಳ ಸಂದಿಯಲ್ಲಿ ಪೇಸ್ಟಿನಂತೆ ಆಚೆ ಬರುತ್ತದೆ. ಆ ಒತ್ತಡ ತಾಳಿಯೂ ಎಷ್ಟೋ ಜೀವಕೋಶಗಳು ಒಡೆಯದೇ ಉಳಿಯುತ್ತವೆ. ನ್ಯಾನೊಕ್ಲೊರಾಪ್ಸಿಸ್‌ನ ಗೋಡೆಯ ಹೊರಪದರ ಆಲ್ಜಿನಾನ್ ಅನ್ನುವ ವಸ್ತುವಿನದು, ಪ್ಲಾಸ್ಟಿಕ್ಕಿನಷ್ಟು ಮೊಂಡು.

ಅದಕ್ಕೇ ಗೋಡೆ ಒಡೆಯುವುದೇ ಒಂದು ಬೇರೆ ಕೆಲಸ. ಸಣ್ಣ ಗಾಜಿನ ಮಣಿಗಳ ಜೊತೆ ಹಾಕಿ ಗಿರಗಿರ ತಿರುಗಿಸಿ ಅರೆಯುವ ಯಂತ್ರ ಒಂದು ದಾರಿ. ಸಾವಿರ ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರ ಪಟ್ಟಿನ ಆಸುಪಾಸಿನ ಒತ್ತಡದಲ್ಲಿ ಕಿರಿದಾದ ಸಂದಿಯಿಂದ ನುಗ್ಗಿಸುವ ಹೋಮೊಜೆನೈಸರ್ ಇನ್ನೊಂದು. ಮೈಕ್ರೋವೇವ್, ಶ್ರವಣಾತೀತ ಧ್ವನಿ, ಗೋಡೆ ತಿನ್ನುವ ಕಿಣ್ವಗಳು, ಎಲ್ಲವೂ ಲ್ಯಾಬ್‌ನಲ್ಲಿ ಚೆನ್ನಾಗೇ ನಡೆಯುತ್ತವೆ. ಎಲ್ಲದಕ್ಕೂ ಕರೆಂಟ್ ಬೇಕು, ಇಲ್ಲವೇ ದುಬಾರಿ ಸಾಮಾನು ಬೇಕು.

ಒಡೆದ ಮೇಲೆ ಎಣ್ಣೆಯನ್ನು ಕರಗಿಸಿ ತೆಗೆಯಬೇಕು. ಕೈಗಾರಿಕೆಗೆ ಒಗ್ಗುವುದು ಹೆಕ್ಸೇನ್. ನಿಮ್ಮ ಕಡೆಯ ಸಾಲ್ವೆಂಟ್ ಪ್ಲಾಂಟ್‌ಗಳು ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆ ಎಳೆಯುವುದು ಅದರಲ್ಲೇ. ಆದರೆ ಹೆಕ್ಸೇನಿಗೂ ನೀರಿಗೂ ಆಗಿಬರುವುದಿಲ್ಲ. ಮುದ್ದೆ ಹಸಿಯಾಗಿದ್ದರೆ ಎಣ್ಣೆಯವರೆಗೆ ಅದು ತಲುಪುವುದೇ ಕಷ್ಟ. ಜೋರಾಗಿ ಕಲಕಿದರೆ ಮಜ್ಜಿಗೆಯಂತೆ ನೊರೆಗಟ್ಟಿ ಬೇರ್ಪಡುವುದೇ ಇಲ್ಲ. ಹಸಿಯಲ್ಲೇ ತೆಗೆಯಲು ಕ್ಲೋರೋಫಾರ್ಮ್, ಮೆಥನಾಲ್ ಬೆರೆಸುವ ಬ್ಲೈ ಮತ್ತು ಡಯರ್ ವಿಧಾನವಿದೆ, 1959ರದ್ದು. ಇವತ್ತಿಗೂ ಲ್ಯಾಬ್‌ಗಳಲ್ಲಿ ಅದೇ ಅಳತೆಗೋಲು. ಆದರೆ ಕ್ಲೋರೋಫಾರ್ಮ್ ವಿಷ, ಟನ್‌ಗಟ್ಟಲೆ ಬಳಸುವ ಮಾತಲ್ಲ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ, 74 ಬಾರ್ ದಾಟಿಸಿದರೆ ಅದೂ ಎಣ್ಣೆ ಕರಗಿಸುತ್ತದೆ, ಬಹಳ ಶುದ್ಧ ಎಣ್ಣೆ ಬರುತ್ತದೆ. ಔಷಧಿ, ಪೌಷ್ಟಿಕಾಂಶದ ಎಣ್ಣೆಗೆ ಸರಿ, ಪಂಪ್‌ಸೆಟ್‌ಗೆ ಸುರಿಯಲು ಅಲ್ಲ.

ಇಲ್ಲೇ ಒಂದು ಎಚ್ಚರಿಕೆ. ಮನೆಯಲ್ಲಿ ಹೆಕ್ಸೇನ್ ಪ್ರಯೋಗ ದಯವಿಟ್ಟು ಬೇಡ. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಮೆಥನಾಲ್ ಕುಡಿದರಷ್ಟೇ ಅಪಾಯ ಅಂದುಕೊಳ್ಳಬೇಡಿ, ಆವಿಯಲ್ಲೂ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ವಿಡಿಯೊದಲ್ಲಿ ಹೇಳಿದ "ಅರ್ಧಕ್ಕರ್ಧ ಎಣ್ಣೆ"ಯ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪಾಚಿಗೆ ಸಾರಜನಕ ನಿಲ್ಲಿಸಿದರೆ ಅದು ಹೆದರಿ ಕೊಬ್ಬು ಕೂಡಿಡುತ್ತದೆ. ನೈಲ್ ರೆಡ್ ಅನ್ನುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಜೀವಕೋಶದಲ್ಲೂ ಬಂಗಾರದ ಬಣ್ಣದ ಹನಿಗಳು ಹೊಳೆಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. 40, 50 ಭಾಗದ ಅಂಕಿ ಬರುವುದು ಇಂಥ ಉಪವಾಸದ ಪಾಚಿಯಿಂದ. ಆದರೆ ಉಪವಾಸ ಬಿದ್ದದ್ದು ಬೆಳೆಯುವುದಿಲ್ಲ. ಎಣ್ಣೆಯ ಪಾಲು ಎರಡರಷ್ಟಾಗುವಾಗ ಬೆಳೆ ಅರ್ಧಕ್ಕಿಳಿದರೆ ಕೈಗೆ ಬಂದದ್ದು ಅಷ್ಟೇ.

ಇನ್ನೊಂದು ಮೋಸ ತೂಕದಲ್ಲಿದೆ. ನನ್ನ ಆ 22 ಭಾಗದ ಕಾಡಿಗೆ ಪೂರ್ತಿ ಎಣ್ಣೆಯಾಗಿರಲಿಲ್ಲ. ಹಸಿರು ಬಣ್ಣ, ಜೀವಕೋಶದ ಪೊರೆಯ ಕೊಬ್ಬು, ಮೇಣ, ಎಲ್ಲ ಸೇರಿತ್ತು. ಬೆರೆತದ್ದನ್ನು ಬಿಡಿಬಿಡಿಯಾಗಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಉಪಕರಣದಲ್ಲಿ ಅಳೆದಾಗ ಬಯೋಡೀಸೆಲ್ ಆಗಬಲ್ಲದ್ದು ಅದರ ಅರ್ಧದಷ್ಟೂ ಇರಲಿಲ್ಲ. ಆ ಕಾಫಿ ದುಡ್ಡು ದಂಡ! ಯಾರಾದರೂ ಇಷ್ಟು ಭಾಗ ಎಣ್ಣೆ ಅಂದರೆ, ಹೇಗೆ ಅಳೆದಿರಿ ಅಂತ ಕೇಳಿ.

ಎಣ್ಣೆ ಸಿಕ್ಕ ಮೇಲಿನ ದಾರಿ ಹೊಂಗೆ ಎಣ್ಣೆಯದ್ದೇ. ಎಣ್ಣೆಯ ಒಂದು ಅಣುವಿಗೆ ಮೆಥನಾಲಿನ ಆರು ಅಣು, ಎಣ್ಣೆಯ ತೂಕದ ನೂರಕ್ಕೆ ಸುಮಾರು ಒಂದು ಭಾಗ ಕಾಸ್ಟಿಕ್, 60 ಡಿಗ್ರಿಯಲ್ಲಿ ಒಂದು ಗಂಟೆ. ಬಿಡಿ ಕೊಬ್ಬಿನಾಮ್ಲ ಜಾಸ್ತಿ ಇದ್ದರೆ ಮೊದಲು ಗಂಧಕಾಮ್ಲದಲ್ಲಿ ಒಂದು ಸುತ್ತು. ಪಾಚಿ ಎಣ್ಣೆಯ ಪೀಡೆ ಅಂದರೆ ಹಲವದರಲ್ಲಿ ಮೀನೆಣ್ಣೆಯಂಥ ಕೊಬ್ಬಿನಾಮ್ಲ ಜಾಸ್ತಿ. ಗಾಳಿಗೆ ಬೇಗ ಕೆಟ್ಟು ಅಂಟಾಗುತ್ತದೆ. ಯುರೋಪಿನ ಬಯೋಡೀಸೆಲ್ ಮಾನದಂಡದಲ್ಲಿ ಇಂಥವು ನೂರಕ್ಕೆ 1 ಭಾಗ ದಾಟಬಾರದು ಅಂತಿದೆ.

ನಿಮ್ಮನ್ನೊಬ್ಬರನ್ನೇ ನಿರಾಸೆ ಮಾಡುತ್ತಿಲ್ಲ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದಕ್ಕೆಂದೇ ಒಂದು ಯೋಜನೆ ನಡೆಸಿತು. ಸುಮಾರು 2.5 ಕೋಟಿ ಡಾಲರ್ ಖರ್ಚು, 3,000ಕ್ಕೂ ಹೆಚ್ಚು ಪಾಚಿ ತಳಿಗಳ ಸಂಗ್ರಹ. ನ್ಯೂ ಮೆಕ್ಸಿಕೊದ ರೋಸ್‌ವೆಲ್‌ನಲ್ಲಿ 1,000 ಚದರ ಮೀಟರಿನ ಹೊಂಡಗಳನ್ನು ಕಟ್ಟಿದರು. ಒಳ್ಳೆಯ ದಿನ ಚದರ ಮೀಟರಿಗೆ 50 ಗ್ರಾಂ ಬಂದದ್ದೂ ಉಂಟು. ಆದರೆ ಮರುಭೂಮಿಯ ತಣ್ಣನೆಯ ರಾತ್ರಿಗಳು ಸರಾಸರಿಯನ್ನು ಕೆಳಗೆಳೆದವು. ಕೊನೆಗೆ ಪೆಟ್ರೋಲಿಯಂ ಡೀಸೆಲ್ ಬೆಲೆಯ ಹತ್ತಿರಕ್ಕೂ ಬರಲಿಲ್ಲ. 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿ 60 ಕೋಟಿ ಡಾಲರ್‌ವರೆಗೆ ಹಾಕುವುದಾಗಿ ಹೇಳಿ ಜೀನ್ ತಿದ್ದುವ ಕೆಲಸದ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿಯ ಜೊತೆ ಸೇರಿತು. 2017ರಲ್ಲಿ ನ್ಯಾನೊಕ್ಲೊರಾಪ್ಸಿಸ್‌ನ ಒಂದು ಜೀನ್ ತಿದ್ದಿ, ಬೆಳವಣಿಗೆ ಅಷ್ಟಾಗಿ ಕುಂದದೆ, ಕೊಬ್ಬನ್ನು 20ರಿಂದ 40 ಭಾಗಕ್ಕೆ ಏರಿಸಿದರು. ನಿಜಕ್ಕೂ ದೊಡ್ಡ ಕೆಲಸ. ಆದರೂ 2023ರ ಹೊತ್ತಿಗೆ ಎಕ್ಸಾನ್ ಕೈಬಿಟ್ಟಿತು.

ನಮ್ಮಲ್ಲೂ ಕೆಲಸ ನಡೆದಿದೆ. ಗುಜರಾತಿನ ಭಾವನಗರದಲ್ಲಿರುವ, ಉಪ್ಪು ಮತ್ತು ಸಮುದ್ರ ರಾಸಾಯನಿಕಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಸ್‌ಎಂಸಿಆರ್‌ಐಯವರು ಕ್ಲೋರೆಲ್ಲಾದಿಂದ ಬಯೋಡೀಸೆಲ್ ಮಾಡಿ, ಡೀಸೆಲ್‌ಗೆ ನೂರಕ್ಕೆ 20 ಭಾಗ ಬೆರೆಸಿ, ಎಂಜಿನ್‌ನಲ್ಲಿ ಏನೂ ಬದಲಾಯಿಸದೆ ಕಾರು ಓಡಿಸಿ ತೋರಿಸಿದರು. ಬೆಂಗಳೂರಿನ ಐಐಎಸ್‌ಸಿಯ ಟಿ. ವಿ. ರಾಮಚಂದ್ರ ಮತ್ತು ಜೊತೆಗಾರರು 2009ರಲ್ಲಿ ಬೇರೆಯೇ ಯೋಚನೆ ಮುಂದಿಟ್ಟರು. ಡಯಾಟಂ ಅನ್ನುವ ಪಾಚಿಯನ್ನು ಕೊಂದು ಎಣ್ಣೆ ತೆಗೆಯುವ ಬದಲು, ಹಸುವಿನಿಂದ ಹಾಲು ಕರೆಯುವ ಹಾಗೆ ಬದುಕಿಟ್ಟುಕೊಂಡೇ ಎಣ್ಣೆ ಕರೆಯಬಾರದೇಕೆ ಅಂತ. ಅದು ಇನ್ನೂ ಯೋಚನೆಯ ಹಂತವೇ, ಆದರೆ ಗೋಡೆ ಒಡೆಯುವ, ಒಣಗಿಸುವ ಗೋಜೇ ಇಲ್ಲದ ದಾರಿ. ಅದೇ ಗುಂಪಿನವರು ಬೆಂಗಳೂರಿನ ಕೊಳಚೆ ನೀರಿನ ಕೆರೆಗಳಲ್ಲಿ ಬೆಳೆಯುವ ಪಾಚಿಯ ಕೊಬ್ಬನ್ನೂ ಅಳೆದಿದ್ದಾರೆ. ಅಲ್ಲಿ ಯೂರಿಯಾ ಹಾಕುವ ಕೆಲಸವಿಲ್ಲ, ಊರೇ ಹಾಕುತ್ತದೆ. ಪಾಚಿ ಎಣ್ಣೆಗೆ ಅರ್ಥ ಬರುವುದಿದ್ದರೆ ಅಂಥ ಕಡೆ, ನೀರು ಶುದ್ಧ ಮಾಡುವ ಕೆಲಸದ ಜೊತೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನನಗೆ ಸ್ವಲ್ಪ ನಂಬಿಕೆ ಇರುವ ಇನ್ನೊಂದು ದಾರಿ, ಒಣಗಿಸದೇ ಹಸಿ ಮುದ್ದೆಯನ್ನೇ ಸುಮಾರು 350 ಡಿಗ್ರಿ, 200 ಬಾರ್‌ನಲ್ಲಿ ಬೇಯಿಸುವುದು. ಮನೆಯ ಕುಕ್ಕರ್ ಮುಟ್ಟುವುದು 120 ಡಿಗ್ರಿ ಅಷ್ಟೇ. ಹಾಗೆ ಬೇಯಿಸಿದರೆ ಎಣ್ಣೆ ಮಾತ್ರವಲ್ಲ, ಪ್ರೋಟೀನು, ಪಿಷ್ಟವೂ ಒಡೆದು ಕಚ್ಚಾ ತೈಲದಂಥ ಕಪ್ಪು ದ್ರವ ಆಗುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿ 2013ರಲ್ಲಿ ಇದನ್ನು ನಿರಂತರವಾಗಿ ನಡೆಸಿ ತೋರಿಸಿತು. ಅದಕ್ಕೆ ರಿಫೈನರಿ ಬೇಕು, ಹೊಲದಲ್ಲಿ ಆಗುವುದಲ್ಲ.

ಹಾಗಾದರೆ ನೀವೇನು ಮಾಡಬಹುದು? ಹೊಂಡದ ಹಸಿರನ್ನು ಹಾಗೇ ಬಿಡಿ. ಅದು ಪೇಂಟ್ ಚೆಲ್ಲಿದ ಹಾಗೆ ಮೇಲೆ ಕೆನೆಗಟ್ಟಿದ್ದರೆ ಮೈಕ್ರೊಸಿಸ್ಟಿಸ್ ಜಾತಿಯ ನೀಲಿ ಹಸಿರು ಪಾಚಿ ಇರಬಹುದು. ಅದರಲ್ಲಿ ಎಣ್ಣೆ ಇಲ್ಲ, ವಿಷ ಇರುತ್ತದೆ. ದನ, ಕುರಿಗಳಿಗೆ ಆ ನೀರು ಕುಡಿಸಬೇಡಿ.

ಬಯೋಡೀಸೆಲ್ಲೇ ಮಾಡಬೇಕೆಂದಿದ್ದರೆ ಹೊಂಗೆ ಹಿಡಿಯಿರಿ. ಬೀಜದಲ್ಲಿ ಮೂರನೇ ಒಂದರಷ್ಟು ಎಣ್ಣೆ, ಒಣಗಿಸಲು ಬಿಸಿಲು ಸಾಕು, ಎಕ್ಸ್‌ಪೆಲ್ಲರ್‌ನಲ್ಲಿ ಚೆನ್ನಾಗಿ ಹಿಂಡಬಹುದು, ಹಿಂಡಿ ತೋಟಕ್ಕೆ. ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ ಎಣ್ಣೆಯ ಕೆಲಸ ಅಲ್ಲಿ ಕಣ್ಣಾರೆ ನೋಡಬಹುದು. ಒಂದೇ ಮಾತು: ಶೇಂಗಾ ಹಾಕುವ ಎಕ್ಸ್‌ಪೆಲ್ಲರ್‌ಗೆ ಹೊಂಗೆ ಹಾಕಬೇಡಿ. ಎಷ್ಟು ತೊಳೆದರೂ ಕಹಿ ಬಾರ್‌ಗಳ ಸಂದಿಯಲ್ಲಿ ಉಳಿಯುತ್ತದೆ, ಹೊಂಗೆ ಎಣ್ಣೆ ಹೊಟ್ಟೆಗೆ ಹೋಗುವಂಥದ್ದಲ್ಲ. ಅದಕ್ಕೆ ಬೇರೆ ಮಷಿನ್ನೇ ಇಡಿ, ಹಳೆಯದಾದರೂ ಸರಿ.